ಶಕ್ತಿತಸ್ತಪ ಮತ್ತು ನಡುವಯಸ್ಸು ದಾಟಿದ ಶ್ರಾವಿಕೆ

ಷೋಡಶಕಾರಣ ಭಾವನೆಗಳಲ್ಲಿ ಶಕ್ತಿತಸ್ತಪವೂ ಒಂದು. ಶಕ್ತಿಯನ್ನು ಮರೆಮಾಚದೆ, ಶಕ್ತಿಯನ್ನು ಮೀರದೆ ಆಚರಿಸುವ ತಪಸ್ಸೆಂದು ಇದರ ಅಭಿಪ್ರಾಯ.

ಯೌವನದಲ್ಲಿ ಪಿ.ಸಿ.ಓ.ಎಸ್. ಎಂಬ ಅಂಡಾಶಯ ಸಂಬಂಧವಾದ ವ್ಯಾಧಿಯಿದ್ದವರು, ಮುಟ್ಟು ನಿಂತೊಡನೆ ವ್ಯಾಧಿಯೂ ತೀರಿತೆಂದು ಭಾವಿಸುವುದುಂಟು. ಆದರೆ ಇನ್ಸುಲಿನ್ನಿಗೆ ಶರೀರವು ಸರಿಯಾಗಿ ಸ್ಪಂದಿಸದಿರುವ ದೋಷವು ಅನೇಕರಲ್ಲಿ ಉಳಿದೇ ಇರುತ್ತದೆ. ಋತುನಿವೃತ್ತಿಯಲ್ಲಿ ಈಸ್ಟ್ರೋಜನ್ ಕುಗ್ಗಿ ರಕ್ತದಲ್ಲಿ ಕೆಟ್ಟ ಕೊಬ್ಬು ಏರುತ್ತದೆ. ಎರಡೂ ಕೂಡಿದಾಗ ಮಧುಮೇಹ, ರಕ್ತದೊತ್ತಡ, ಹೃದ್ರೋಗಗಳ ಭಯ ಹೆಚ್ಚು. ಈ ವ್ಯಾಧಿಯುಳ್ಳವರ ಹೃದಯದ ಕಡೆಗೆ ಲಕ್ಷ್ಯವಿಡಬೇಕೆಂದು 2023ರ ಅಂತರರಾಷ್ಟ್ರೀಯ ವೈದ್ಯಕೀಯ ಮಾರ್ಗಸೂಚಿಯೂ ಹೇಳಿದೆ.

ಇಂಥವರು ಅಷ್ಟಮೀ-ಚತುರ್ದಶಿಗಳಂದು ನಿರ್ಜಲ ಉಪವಾಸವಿದ್ದು ತಾವಾಗಿಯೇ ಮಾತ್ರೆ ಬಿಡುವುದು ಸಲ್ಲದು. ಇನ್ಸುಲಿನ್ ಪಡೆದು ಉಣ್ಣದಿದ್ದರೆ ಸಕ್ಕರೆಯ ಅಂಶ ಕುಸಿದು ಮೂರ್ಛೆ ಬರಬಹುದು. ಮೂತ್ರವನ್ನು ಹೆಚ್ಚಿಸುವ ಮಾತ್ರೆ ನುಂಗಿ ನೀರು ಕುಡಿಯದಿದ್ದರೆ ರಕ್ತದೊತ್ತಡ ಇಳಿಯಬಹುದು. ಆದುದರಿಂದ ನಿಯಮ ಸ್ವೀಕರಿಸುವ ಮುನ್ನವೇ ವೈದ್ಯರನ್ನು ಕೇಳತಕ್ಕದ್ದು. ರಾತ್ರಿಯ ಮಾತ್ರೆಯನ್ನು ಸೂರ್ಯಾಸ್ತಕ್ಕೆ ಮೊದಲು ತೆಗೆದುಕೊಳ್ಳಬಹುದೇ ಎಂಬುದನ್ನೂ ಅವರಿಂದಲೇ ತಿಳಿಯಬೇಕು.

ಆರು ಬಾಹ್ಯತಪಗಳಲ್ಲಿ ಅನಶನ ಒಂದು ಮಾತ್ರ. ಹಸಿವಿಗಿಂತ ಕಡಮೆ ಉಣ್ಣುವ ಅವಮೌದರ್ಯವೂ ತಪಸ್ಸೇ. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪುಗಳಲ್ಲಿ ಕೆಲವನ್ನು ತ್ಯಜಿಸುವ ರಸಪರಿತ್ಯಾಗವೂ ತಪಸ್ಸೇ. ತುಪ್ಪ, ಸಕ್ಕರೆಗಳ ತ್ಯಾಗವು ಆತ್ಮಕ್ಕೂ ಹೃದಯಕ್ಕೂ ಹಿತ. ಉಪವಾಸ ಮುಗಿಸಿ ಪಾರಣೆಯಲ್ಲಿ ಹೋಳಿಗೆ, ಕರಿದ ತಿಂಡಿಗಳಿಗೆ ಮಿತಿಯಿಲ್ಲದಿದ್ದರೆ ಇಚ್ಛಾನಿರೋಧವೆಲ್ಲಿ ಉಳಿಯಿತು?

ಉಪವಾಸದ ಬದಲು ರಸತ್ಯಾಗವನ್ನು ಆರಿಸಿಕೊಂಡ ಹಿರಿಯ ಶ್ರಾವಿಕೆಯನ್ನು ಮನೆಯವರು ಹಂಗಿಸಬಾರದು. ಆಕೆಯ ಸ್ವಾಧ್ಯಾಯ, ಸಾಮಾಯಿಕಗಳು ಅನೇಕ ವರ್ಷ ಅಡೆತಡೆಯಿಲ್ಲದೆ ನಡೆಯುವಂತೆ ನೋಡಿಕೊಳ್ಳುವುದು ಅವರ ಧರ್ಮ.