ಗೊರಕೆ ಸುಖನಿದ್ರೆಯ ಗುರುತಲ್ಲ



ಎತ್ತು ಒಂದು ಹೊತ್ತು ಮೇವು ಬಿಟ್ಟರೆ ಅದು ಕೂಡಲೇ ನಮ್ಮ ಕಣ್ಣಿಗೆ ಬೀಳುತ್ತದೆ. ಎಮ್ಮೆ ಮೆಲುಕು ಹಾಕದಿದ್ದರೆ ಪಶುವೈದ್ಯರನ್ನು ಕರೆತರುತ್ತೇವೆ. ಆದರೆ ಮನೆಯ ಯಜಮಾನನಿಗೆ ಮೂರು ತಿಂಗಳಿಂದ ನಿದ್ರೆಯಿಲ್ಲವೆಂದರೆ "ವಯಸ್ಸಾಯಿತು, ಚಿಂತೆ ಹೆಚ್ಚಾಯಿತು" ಎಂದು ಸುಮ್ಮನಾಗುತ್ತೇವೆ. ಇನ್ನೊಬ್ಬ ಮಲಗಿದ ಕೂಡಲೇ ಇಡೀ ಓಣಿಗೆ ಕೇಳುವಂತೆ ಗೊರಕೆ ಹೊಡೆದರೆ "ಪುಣ್ಯವಂತ, ಎಂಥ ನಿದ್ರೆ ನೋಡಿ!" ಎನ್ನುತ್ತೇವೆ. ಈ ಎರಡು ಮಾತೂ ತಪ್ಪು. ನಿದ್ರೆಯ ಕಾಯಿಲೆಗಳು ಹಲವಾರು ಬಗೆಯವು. ಅವುಗಳನ್ನು ಪರೀಕ್ಷಿಸಿ ಗುರುತಿಸಬಹುದು, ಬಹುಪಾಲು ವಾಸಿಮಾಡಲೂಬಹುದು.

ನಮ್ಮ ಕಡೆ ರಾತ್ರಿ ಎಚ್ಚರವಿರುವುದು ಹೊಸದೇನಲ್ಲ. ಜಹೀರಾಬಾದಿನ ಕಬ್ಬು, ಶುಂಠಿ, ಆಲೂಗಡ್ಡೆಗೆ ನೀರು ಬಿಡಲು ಕರೆಂಟು ಬಂದ ಹೊತ್ತಿಗೆ ಎದ್ದು ಹೋಗಿ ಮೋಟಾರು ಹಾಕಿದವರು ನಾವು. 2018ರ ಜನವರಿ 1ರಿಂದ ತೆಲಂಗಾಣ ಸರ್ಕಾರ ಕೃಷಿಗೆ 24 ಗಂಟೆ ಉಚಿತ ವಿದ್ಯುತ್ತನ್ನು ಜಾರಿಗೆ ತಂದಿತು. ಆದರೂ ಕಾಡುಹಂದಿಗಾಗಿ ಹೊಲ ಕಾಯುವುದು ತಪ್ಪಿಲ್ಲ. ಇಂಥ ಕೆಲಸದಿಂದ ಕೆಟ್ಟ ನಿದ್ರೆ ಕಾಯಿಲೆಯಲ್ಲ, ಅದು ಸಾಲ. ನಾಲ್ಕು ರಾತ್ರಿ ನೆಮ್ಮದಿಯಾಗಿ ಮಲಗಿದರೆ ಬಹುಮಟ್ಟಿಗೆ ತೀರುತ್ತದೆ. ಮಲಗಲು ಸಮಯವಿದ್ದೂ ನಿದ್ರೆ ಬಾರದಿದ್ದರೆ, ಅಥವಾ ಎಂಟು ಗಂಟೆ ಮಲಗಿ ಎದ್ದರೂ ಮೈ ಭಾರ, ತಲೆನೋವು, ಹಗಲೆಲ್ಲ ತೂಕಡಿಕೆ ಇದ್ದರೆ ಆಗ ಕಾರಣ ಹುಡುಕಬೇಕು.

ಉಸಿರು ನಿಲ್ಲುವ ಗೊರಕೆ

ಎಲ್ಲ ಗೊರಕೆಯೂ ರೋಗವಲ್ಲ. ಜೋರಾಗಿ ಗೊರಕೆ ಹೊಡೆಯುತ್ತಿದ್ದವನು ಇದ್ದಕ್ಕಿದ್ದಂತೆ ಸದ್ದಿಲ್ಲದೆ ಸುಮ್ಮನಾಗುತ್ತಾನೆ. ಎದೆ ಹೊಟ್ಟೆ ಎಳೆದಾಡುತ್ತಿರುತ್ತವೆ, ಆದರೆ ಉಸಿರು ಒಳಗೆ ಹೋಗುವುದಿಲ್ಲ. ಹತ್ತು, ಇಪ್ಪತ್ತು ಸೆಕೆಂಡು ಕಳೆದ ಮೇಲೆ ಉಸಿರುಗಟ್ಟಿದವನಂತೆ ಬೆಚ್ಚಿ ಮತ್ತೆ ಗೊರಕೆ ಶುರುಮಾಡುತ್ತಾನೆ. ಇದನ್ನು ವೈದ್ಯರು ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ನಿದ್ರೆಯಲ್ಲಿ ಗಂಟಲಿನ ಮಾಂಸಖಂಡಗಳು ಸಡಿಲವಾಗಿ, ನಾಲಿಗೆ ಹಿಂದಕ್ಕೆ ಜಾರಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿದಾಗ ಮೆದುಳು ಗಾಬರಿಯಿಂದ ಎಬ್ಬಿಸುತ್ತದೆ. ಬೆಳಗಿನವರೆಗೆ ಹೀಗೆ ನೂರಾರು ಸಲ ಆದರೂ ಮಲಗಿದವನಿಗೆ ಅದರ ನೆನಪೇ ಇರುವುದಿಲ್ಲ. ನೋಡಿದವಳು ಪಕ್ಕದಲ್ಲಿ ಮಲಗಿದ ಹೆಂಡತಿ. ಆದ್ದರಿಂದ ಈ ಕಾಯಿಲೆಗೆ ಮೊದಲ ವೈದ್ಯೆ ಆಕೆಯೇ!

ಚಿಕಿತ್ಸೆಯಿಲ್ಲದೆ ಬಿಟ್ಟರೆ ಬಿ.ಪಿ. ಹತೋಟಿಗೆ ಬರುವುದಿಲ್ಲ, ಹೃದಯರೋಗ ಮತ್ತು ಲಕ್ವದ ಭಯ ಹೆಚ್ಚುತ್ತದೆ. ಅದಕ್ಕಿಂತ ಹತ್ತಿರದ ಅಪಾಯವೊಂದಿದೆ. ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವನು, ಹೈದರಾಬಾದ್–ಪುಣೆ ಹೆದ್ದಾರಿಯಲ್ಲಿ ಲಾರಿ ನಡೆಸುವವನು ಸ್ಟಿಯರಿಂಗ್ ಮೇಲೆಯೇ ಕಣ್ಣು ಮುಚ್ಚಬಹುದು. ದೆಹಲಿಯ ಏಮ್ಸ್ ವೈದ್ಯರು ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2023ರಲ್ಲಿ ಹಾಕಿದ ಲೆಕ್ಕದ ಪ್ರಕಾರ ಭಾರತದಲ್ಲಿ ಸುಮಾರು 10 ಕೋಟಿ ಜನರಿಗೆ ಈ ತೊಂದರೆಯಿದೆ. ದಪ್ಪ ಮೈಯವರಿಗೆ, ಕುತ್ತಿಗೆ ದಪ್ಪಗಿರುವವರಿಗೆ ಹೆಚ್ಚು. ಆದರೆ ಚಿಕ್ಕ ದವಡೆಯ ತೆಳ್ಳಗಿನವರಿಗೂ ಬರುತ್ತದೆ. ಬಾಯಿ ತೆರೆದು ಗೊರಕೆ ಹೊಡೆಯುವ ಮಗುವಿಗೆ ಟಾನ್ಸಿಲ್ ಬೆಳೆದಿರಬಹುದು, ಕಿವಿ–ಮೂಗು–ಗಂಟಲಿನ ವೈದ್ಯರಿಗೆ ತೋರಿಸಿ.

ಪರೀಕ್ಷೆ ಹೇಗೆ?

ಮೊದಲ ಪರೀಕ್ಷೆಗೆ ಕಾಸೂ ಬೇಡ. 1991ರಲ್ಲಿ ಆಸ್ಟ್ರೇಲಿಯದ ಡಾ. ಮರ್ರೆ ಜಾನ್ಸ್ ಎಂಟು ಸನ್ನಿವೇಶಗಳ ಒಂದು ಪಟ್ಟಿ ಮಾಡಿದರು. ಕುಳಿತು ಓದುವಾಗ, ಟಿ.ವಿ. ನೋಡುವಾಗ, ಸಭೆಯಲ್ಲಿ ಸುಮ್ಮನೆ ಕುಳಿತಾಗ (ಭಾನುವಾರದ ಪ್ರವಚನವನ್ನೂ ಸೇರಿಸಿಕೊಳ್ಳಿ, ಗುರುಗಳು ಕ್ಷಮಿಸಲಿ), ಒಂದು ಗಂಟೆ ವಾಹನದಲ್ಲಿ ಪಯಣಿಸುವಾಗ, ಮಧ್ಯಾಹ್ನ ಅಡ್ಡಾದಾಗ, ಯಾರೊಂದಿಗಾದರೂ ಮಾತಾಡುತ್ತ ಕುಳಿತಾಗ, ಕುಡಿಯದೆ ಊಟ ಮಾಡಿ ಕುಳಿತಾಗ, ವಾಹನ ರಸ್ತೆಯಲ್ಲಿ ಕೆಲ ನಿಮಿಷ ನಿಂತಾಗ – ತೂಕಡಿಕೆ ಬರುವುದೇ? ಇಲ್ಲವೆಂದರೆ 0, ಖಂಡಿತ ಎಂದರೆ 3, ನಡುವಿನದಕ್ಕೆ 1 ಅಥವಾ 2 ಅಂಕ. ಒಟ್ಟು 10 ದಾಟಿದರೆ ವೈದ್ಯರನ್ನು ಕಾಣಬೇಕು.

ಮುಂದಿನದು ರಾತ್ರಿಯ ನಿದ್ರಾ ಪರೀಕ್ಷೆ. ತಲೆಗೆ, ಕಣ್ಣ ಪಕ್ಕಕ್ಕೆ, ಗಲ್ಲಕ್ಕೆ ಸಣ್ಣ ತಂತಿ ಅಂಟಿಸುತ್ತಾರೆ. ಎದೆ, ಹೊಟ್ಟೆಗೆ ಪಟ್ಟಿ ಕಟ್ಟುತ್ತಾರೆ. ಮೂಗಿನ ಬಳಿ ನಳಿಕೆ, ಬೆರಳಿಗೆ ಕ್ಲಿಪ್ಪು. ಚುಚ್ಚುವುದಿಲ್ಲ, ನೋವಿಲ್ಲ. ಕರೆಂಟು ಕೊಡುತ್ತಾರೆಂದು ಹೆದರಬೇಡಿ. ಗಂಟೆಗೆ ಎಷ್ಟು ಸಲ ಉಸಿರು ನಿಲ್ಲುತ್ತದೆ ಅಥವಾ ಕುಗ್ಗುತ್ತದೆಂದು ಎಣಿಸುತ್ತಾರೆ. 5ಕ್ಕಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ, 30 ದಾಟಿದರೆ ತೀವ್ರ. ಈಗ ಅನುಮಾನ ಬಲವಾಗಿದ್ದವರಿಗೆ ಮನೆಯಲ್ಲಿಯೇ ಕಟ್ಟಿಕೊಂಡು ಮಲಗುವ ಚಿಕ್ಕ ಯಂತ್ರವೂ ಬಂದಿದೆ.

ಚಿಕಿತ್ಸೆಯಲ್ಲಿ ಮುಖ್ಯವಾದುದು ಸಿಪ್ಯಾಪ್ ಯಂತ್ರ. 1981ರಲ್ಲಿ ಸಿಡ್ನಿಯ ಡಾ. ಕಾಲಿನ್ ಸಲಿವನ್ ಇದನ್ನು ಕಂಡುಹಿಡಿದರು. ಮೂಗಿಗೆ ಮುಖವಾಡ ಹಾಕಿ ಹದವಾದ ಒತ್ತಡದಲ್ಲಿ ಗಾಳಿ ಬಿಟ್ಟರೆ ಗಂಟಲು ಮುಚ್ಚಿಕೊಳ್ಳುವುದಿಲ್ಲ, ಅಷ್ಟೆ. ಬೆಲೆ ಹೆಚ್ಚು, ಪ್ರತಿ ರಾತ್ರಿ ಹಾಕಬೇಕು, ಮೊದಲ ವಾರ ಕಿರಿಕಿರಿಯೂ ಹೌದು. ಸೌಮ್ಯ ಕಾಯಿಲೆಗೆ ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ರಾತ್ರಿ ಕುಡಿಯದಿರುವುದು ಸಾಕಾಗಬಹುದು. 2024ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ಇಲಾಖೆ ಟಿರ್ಜೆಪಟೈಡ್ ಎಂಬ ವಾರಕ್ಕೊಮ್ಮೆಯ ಚುಚ್ಚುಮದ್ದಿಗೆ ಈ ರೋಗದಲ್ಲಿ ಬಳಸಲು ಒಪ್ಪಿಗೆ ಕೊಟ್ಟಿತು. ಅದು ಬೊಜ್ಜು ಮೈಯವರಿಗೆ ಮಾತ್ರ. ನಮ್ಮ ಜೇಬಿಗೆ ಸದ್ಯಕ್ಕೆ ಅದು ಭಾರವೇ.

ಕಾಲು ಸೆಳೆತ

ತಾಯಂದಿರ ಒಂದು ದೂರು ಬೇರೆ. ಹತ್ತಿ ಬಿಡಿಸಿ ಬಂದು ಮಲಗಿದರೆ ಕಾಲಿನೊಳಗೆ ಏನೋ ಹರಿದಾಡಿದ ಹಾಗೆ, ಆಡಿಸಿದರೆ ಮಾತ್ರ ನೆಮ್ಮದಿ. ದುಡಿಮೆಯ ನೋವೆಂದು ಮಗನಿಂದ ಕಾಲು ಒತ್ತಿಸಿಕೊಳ್ಳುತ್ತಾರೆ. ಇದಕ್ಕೆ ಅನೇಕ ವೇಳೆ ಕಬ್ಬಿಣಾಂಶದ ಕೊರತೆ ಕಾರಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ತೆಲಂಗಾಣದ ಅರ್ಧಕ್ಕಿಂತ ಹೆಚ್ಚು ಹೆಂಗಸರಿಗೆ ರಕ್ತಹೀನತೆ ಕಂಡುಬಂದಿದೆ. ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ ಎಂಬ ಪರೀಕ್ಷೆ ಮಾಡಿಸಿ. ಕಬ್ಬಿಣದ ಮಾತ್ರೆಯನ್ನು ಚಹಾದೊಂದಿಗೆ ನುಂಗಬೇಡಿ, ಅದು ಮೈಗೆ ಹತ್ತುವುದಿಲ್ಲ. ಹಿಂದೆ ಈ ತೊಂದರೆಗೆ ಪ್ರಮಿಪೆಕ್ಸಾಲ್‌ನಂಥ ಮಾತ್ರೆಯನ್ನು ಮೊದಲೇ ಬರೆಯುತ್ತಿದ್ದರು. ವರ್ಷಗಟ್ಟಲೆ ತೆಗೆದುಕೊಂಡರೆ ಸೆಳೆತ ಹೆಚ್ಚುತ್ತದೆಂದು ತಿಳಿದ ಮೇಲೆ ಈಗ ಅದನ್ನು ಹಿಂದಕ್ಕೆ ಸರಿಸಿದ್ದಾರೆ.

ಸೇಂದಿಯ ನಿದ್ರೆ

ಇನ್ನು ನಮ್ಮ ಊರುಗಳ ದೊಡ್ಡ ತೊಂದರೆಗೆ ಬರೋಣ. "ಎರಡು ಸೀಸೆ ಸೇಂದಿ ಕುಡಿದರೆ ಹಾಯಾಗಿ ನಿದ್ರೆ ಬರುತ್ತದೆ" ಎನ್ನುವವರು ಬಹಳ. ಮರದಿಂದ ಇಳಿದ ಸೇಂದಿಗೆ ಅಷ್ಟು ಶಕ್ತಿಯಿಲ್ಲ. ತೆಲಂಗಾಣದ ಹಲವು ಕಡೆ ಮಾರುವ ಸೇಂದಿಯಲ್ಲಿ ಅಲ್ಪ್ರಾಜೋಲಮ್, ಡಯಾಜೆಪಾಮ್, ಕ್ಲೋರಲ್ ಹೈಡ್ರೇಟ್ ಬೆರೆಸುವುದು ಮತ್ತೆ ಮತ್ತೆ ಪತ್ತೆಯಾಗಿದೆ. ಇವು ನಿದ್ರೆಯ ಔಷಧಗಳು. ಅಂದರೆ ಕುಡಿದವನು ಅಳತೆಯಿಲ್ಲದೆ, ಡಾಕ್ಟರಿಲ್ಲದೆ ಪ್ರತಿ ಸಂಜೆ ನಿದ್ರೆಮಾತ್ರೆ ನುಂಗುತ್ತಿದ್ದಾನೆ. 2015ರಲ್ಲಿ ಅಬಕಾರಿ ಇಲಾಖೆ ಈ ಕಲಬೆರಕೆಯನ್ನು ಬಿಗಿಯಾಗಿ ತಡೆದಾಗ ನಿಜಾಮಾಬಾದ್, ಮಹಬೂಬ್‌ನಗರದ ಕಡೆ ಜನ ಕೈನಡುಕ, ಮೂರ್ಛೆ, ಇಲ್ಲದ್ದು ಕಾಣುವ ಭ್ರಮೆಯಿಂದ ಆಸ್ಪತ್ರೆ ಸೇರಿದರು. 2025ರ ಜುಲೈನಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಕಲಬೆರಕೆ ಸೇಂದಿ ಕುಡಿದು ಹಲವರು ಪ್ರಾಣ ಕಳೆದುಕೊಂಡರು.

ಮೇಲೆ ಹೇಳಿದ ಗೊರಕೆಯ ರೋಗಿಗೆ ಇದು ಇನ್ನೂ ಕೇಡು. ಮೊದಲೇ ಸಡಿಲವಾದ ಗಂಟಲನ್ನು ಈ ಔಷಧ ಮತ್ತಷ್ಟು ಸಡಿಲಿಸುತ್ತದೆ, ಎಬ್ಬಿಸಬೇಕಾದ ಮೆದುಳನ್ನು ಮಂಕಾಗಿಸುತ್ತದೆ. ಔಷಧದ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೇಳಿ ತಂದ ಮಾತ್ರೆಯೂ ಅಷ್ಟೇ. ಹಾಗೆಂದು ವರ್ಷಗಳಿಂದ ಕುಡಿಯುತ್ತಿರುವವರು ಇದನ್ನು ಓದಿ ನಾಳೆಯೇ ಏಕಾಏಕಿ ಬಿಡಬೇಡಿ. ಮೂರ್ಛೆ ಬರಬಹುದು. ವೈದ್ಯರು ವಾರ ವಾರ ಅಳತೆ ಇಳಿಸುತ್ತ ಬಿಡಿಸುತ್ತಾರೆ.

ಹಾಗಾದರೆ ನಿದ್ರೆ ಬಾರದವನು ಏನು ಮಾಡಬೇಕು? ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ರೆ ಕೆಟ್ಟರೆ ಅದು ಬೇರೂರಿದ ನಿದ್ರಾಹೀನತೆ. ಇದಕ್ಕೆ ಮಾತ್ರೆಗಿಂತ ಮೊದಲು ನಡವಳಿಕೆಯ ಚಿಕಿತ್ಸೆ ಕೊಡಬೇಕೆಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿಯೇ ಹೇಳಿದೆ. ಎಷ್ಟೇ ಹೊತ್ತಿಗೆ ಮಲಗಿದರೂ ಏಳುವ ಹೊತ್ತು ಒಂದೇ ಇರಲಿ. ಕಣ್ಣು ಎಳೆದಾಗ ಮಾತ್ರ ಹಾಸಿಗೆಗೆ ಹೋಗಿ. ಇಪ್ಪತ್ತು ನಿಮಿಷವಾದರೂ ನಿದ್ರೆ ಹತ್ತದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕುಳಿತುಕೊಳ್ಳಿ, ಮೊಬೈಲು ಬೇಡ. ಹಾಸಿಗೆಯಲ್ಲಿ ಸಾಲದ ಲೆಕ್ಕ ಮಾಡಬೇಡಿ, ಅದನ್ನು ಸಂಜೆಯೇ ಕಾಗದದಲ್ಲಿ ಬರೆದಿಡಿ. ಕೇಳಲು ಸಣ್ಣ ಮಾತು, ಆದರೆ ತಜ್ಞರ ಬಳಿ ನಾಲ್ಕಾರು ಭೇಟಿಯಲ್ಲಿ ಕಲಿತು ಪಾಲಿಸಿದವರಿಗೆ ಗುಣ ಕಂಡಿದೆ.

ದಿನವೂ ನಸುಕಿನ ಮೂರಕ್ಕೆ ಎಚ್ಚರವಾಗಿ, ಬೆಳೆ ಹೋಯಿತು, ಬದುಕಿ ಏನು ಎಂಬ ಯೋಚನೆ ಸುತ್ತುತ್ತಿದ್ದರೆ ಅದು ಬರೀ ನಿದ್ರೆಯ ಮಾತಲ್ಲ, ಮನಸ್ಸಿನ ಕಾಯಿಲೆಯಿರಬಹುದು. ಅಂಥವರಿರುವ ಮನೆಯಲ್ಲಿ ಕೀಟನಾಶಕದ ಡಬ್ಬಿ ಇಡಬೇಡಿ, ಹೊರಗೆ ಬೀಗ ಹಾಕಿಡಿ. 14416ಕ್ಕೆ ಫೋನು ಮಾಡಿ. 2022ರಲ್ಲಿ ಆರಂಭವಾದ ಈ ಟೆಲಿ ಮಾನಸ್ ಸೇವೆ ಉಚಿತ, ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡ ತೆಲುಗು ಎರಡರಲ್ಲೂ ಮಾತಾಡಬಹುದು. ಅದಕ್ಕೆ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್.

ಬೇರೆ ತೊಂದರೆಗಳಿಗೆ ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ – ಜಹೀರಾಬಾದ್, ನಾರಾಯಣಖೇಡ ಅಥವಾ ತಾಂಡೂರಿಗೆ – ಹೋಗಿ ಬಿ.ಪಿ., ಸಕ್ಕರೆ, ಥೈರಾಯಿಡ್, ರಕ್ತ ನೋಡಿಸಿ. ನಿದ್ರಾ ಪರೀಕ್ಷೆ ಬೇಕೆಂದರೆ ಅವರೇ ಹೈದರಾಬಾದಿಗೆ ಚೀಟಿ ಬರೆಯುತ್ತಾರೆ. ಹೋಗುವ ಮೊದಲು ಎರಡು ವಾರ ಮಲಗಿದ ಹೊತ್ತು, ಎದ್ದ ಹೊತ್ತು, ರಾತ್ರಿ ಎಚ್ಚರವಾದ ಸಲ, ಚಹಾ, ಸೇಂದಿ, ಮಾತ್ರೆ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಮಕ್ಕಳ ನೋಟುಪುಸ್ತಕದಲ್ಲಿ ಬರೆಸಿ. ಮನೆಯವರು ಒಂದು ರಾತ್ರಿ ಗೊರಕೆಯನ್ನು ಐದು ನಿಮಿಷ ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಲಿ. ನಡುವೆ ಉಸಿರು ನಿಂತ ಹೊತ್ತೂ ಅದರಲ್ಲಿ ಬಂದರೆ ವೈದ್ಯರಿಗೆ ಬಹಳ ಅನುಕೂಲ.