ಅರ್ಧ ಬೆಲೆಯ ಸಲಿಕೆ, ದನ ತಿನ್ನದ ಹಿಂಡಿ

ಪ್ರಶ್ನೆ: ಮೊಳಕಾಲ್ಮೂರಿನಲ್ಲಿ ಹೊಸ ಮನೆ ಕಟ್ಟಿಸಿದ್ದೇವೆ. ಹಿತ್ತಲಲ್ಲಿ ಎರಡು ಗುಂಟೆ ಜಾಗ ಉಳಿದಿದೆ. ಮೊಬೈಲಿನಲ್ಲಿ ಆಫರ್ ನೋಡಿದೆ: ಐದು ಹತಾರಗಳ ಸೆಟ್, ಗ್ರೋ ಬ್ಯಾಗು, ಗೊಬ್ಬರದ ಪೊಟ್ಟಣ, ಕಸಿ ಮಾವಿನ ಗಿಡ, ಎಲ್ಲವೂ ಅರ್ಧ ಬೆಲೆಗೆ. ಗ್ರೋ ಬ್ಯಾಗ್ ಆಗಲೇ ಆರ್ಡರ್ ಮಾಡಿದ್ದೇನೆ. ಉಳಿದದ್ದನ್ನೂ ಕೊಳ್ಳಲೇ? ಚಳ್ಳಕೆರೆಗೆ ಹೋದರೆ ಇದಕ್ಕಿಂತ ಅಗ್ಗಕ್ಕೆ ಸಿಕ್ಕೀತೇ?
– ಒಬ್ಬ ಓದುಗರು, ಮೊಳಕಾಲ್ಮೂರು

ಉತ್ತರ: ಹತಾರದ ಸೆಟ್ ಬೇಡ. ಇದು ಕೊಂಡು ಕೆಟ್ಟವನ ಮಾತು. ಹಸಿರು ಹಿಡಿಕೆ, ಮಿರಮಿರ ಮಿಂಚುವ ತಗಡು, ನೋಡಲೇನೋ ಚೆಂದವಿತ್ತು. ಕೆಂಪು ಗರಸು ನೆಲಕ್ಕೆ ಊರಿದ ಮೊದಲ ದಿನವೇ ಸಲಿಕೆಯ ಕತ್ತು ಬಾಗಿತು. ಈಗ ಅದು ನಮ್ಮ ಅಡುಗೆಮನೆಯಲ್ಲಿ ರಾಗಿ ಹಿಟ್ಟು ತೋಡುವ ಕೆಲಸಕ್ಕಿದೆ, ಅಲ್ಲಿ ಚೆನ್ನಾಗಿಯೇ ಬಾಳುತ್ತಿದೆ.

ನಿಮಗೆ ಬೇಕಾದದ್ದು ಒಂದು ಹಾರೆ, ಒಂದು ಸನಿಕೆ, ಕಳೆ ತೆಗೆಯಲು ಒಂದು ಕುರ್ಪಿ, ಗಿಡ ಸವರಲು ಒಂದು ಕತ್ತರಿ. ಕತ್ತರಿಯೊಂದನ್ನು ಬಿಟ್ಟು ಮಿಕ್ಕದ್ದನ್ನು ಕುಲುಮೆಯಲ್ಲಿ ಮಾಡಿಸಿ. ಹಳೆಯ ಲಾರಿಯ ಕಮಾನು ಪಟ್ಟಿ ಸಿಕ್ಕರೆ ಅದರಲ್ಲೇ ಬಡಿಸಿ. ಅದಕ್ಕೆ ನೀರು ಕೊಟ್ಟು ಹದ ಮಾಡಿದರೆ ಬಾಯಿ ಬೇಗ ಮೊಂಡಾಗುವುದಿಲ್ಲ, ಮೊಂಡಾದರೂ ಮತ್ತೆ ಕಾಸಿ ತಟ್ಟಿಸಬಹುದು. ಕಾವಿಗೆ ಕರಿಜಾಲಿ ಮರ ಕೇಳಿ. ಅಂಗಡಿಯಲ್ಲೇ ಕೊಳ್ಳುವುದಾದರೆ ಕಲ್ಲಿಗೆ ಕುಟ್ಟಿ ಕಿವಿಗೊಡಿ: ಟಣ್ ಎಂದರೆ ಸರಿ, ಡಬ್ ಎಂದರೆ ವಾಪಸ್ ಇಡಿ. ಬಿಲ್ಲನ್ನೂ ಒಮ್ಮೆ ನೋಡಿ. ಸನಿಕೆ, ಗುದ್ದಲಿ, ಪಿಕಾಸಿ, ಕುಡುಗೋಲು, ಗಿಡ ಸವರುವ ಕತ್ತರಿ, ಇಂಥ ಕೈ ಹತಾರಗಳಿಗೆ ಜಿಎಸ್‌ಟಿ ಇಲ್ಲ. ಜೀವಂತ ಗಿಡಗಳಿಗೂ ಇಲ್ಲ. ತೆರಿಗೆ ಸೇರಿಸಿದ್ದರೆ ಯಾಕೆ ಅಂತ ಕೇಳುವ ಹಕ್ಕು ನಿಮಗಿದೆ.

ಚಳ್ಳಕೆರೆಗೆ ಹೋಗಲೇಬೇಕಾದದ್ದು ಗೊಬ್ಬರಕ್ಕೆ. ಎಣ್ಣೆ ನಗರಿ ಅಂತ ಹೆಸರಾದ ಊರು ಅದು. ಎಣ್ಣೆ ಹೊರಗಿನವರಿಗೆ ಹೋದರೂ ಹಿಂಡಿ ನಮ್ಮ ಪಾಲಿಗೆ ಉಳಿಯುತ್ತದೆ. ಆದರೆ ಯಾವ ಹಿಂಡಿ? ಶೇಂಗಾ ಹಿಂಡಿಯಲ್ಲಿ ಸಾರಜನಕ ಶೇಕಡಾ 7ರ ಹತ್ತಿರ, ಬೇವಿನದರಲ್ಲಿ 5, ಹೊಂಗೆಯದರಲ್ಲಿ ಸುಮಾರು 4. ಅಂಕಿ ನೋಡಿ ಶೇಂಗಾ ಹಿಂಡಿಗೆ ಕೈ ಹಾಕಬೇಡಿ. ಅದು ದನದ ಮೇವು, ಎಮ್ಮೆ ಸಾಕಿದವರ ಜೊತೆ ನೀವು ಪೈಪೋಟಿಗೆ ಬಿದ್ದ ಹಾಗಾಗುತ್ತದೆ. ಹೊಂಗೆ ಹಿಂಡಿ ಕಹಿ, ದನ ಮೂಸುವುದಿಲ್ಲ, ಮಣ್ಣಿಗೆ ಬಿಟ್ಟರೆ ಅದಕ್ಕೆ ಬೇರೆ ಗಿರಾಕಿ ಕಡಿಮೆ. ಅದಕ್ಕೇ ಅದು ಅಗ್ಗ. ಆನ್‌ಲೈನ್‌ನಲ್ಲಿ ಒಂದು ಕಿಲೋ ಪೊಟ್ಟಣಕ್ಕೆ ಕೊಡುವ ದುಡ್ಡಿನಲ್ಲಿ ಇಲ್ಲಿ ಎಷ್ಟು ಕಿಲೋ ಬರುತ್ತದೆ, ನೀವೇ ವಿಚಾರಿಸಿ. ನಾನು ಹೇಳಿದರೆ ನಂಬಲಿಕ್ಕಿಲ್ಲ.

ಶೇಂಗಾ ಸುಲಿಯುವ ಮಿಲ್ಲುಗಳ ಹತ್ತಿರ ಸಿಪ್ಪೆಯನ್ನೂ ಕೇಳಿ. ಗಿಡದ ಬುಡಕ್ಕೆ ನಾಲ್ಕು ಬೆರಳು ದಪ್ಪ ಹರಡಿದರೆ ನೆಲದ ತೇವ ಆರುವುದಿಲ್ಲ. ಗೆದ್ದಲು ಹುಡುಕಿಕೊಂಡು ಬರುತ್ತದೆ, ಕೆಂಪು ನೆಲದಲ್ಲಿ ಅದು ತಪ್ಪಿದ್ದಲ್ಲ. ಒಂದೆರಡು ಹಿಡಿ ಬೇವಿನ ಹಿಂಡಿ ಕಲಸಿಯೇ ಹರಡಿ, ಸಿಪ್ಪೆ ಕಾಂಡಕ್ಕೆ ತಾಗದಿರಲಿ. ಕಂಬಳಿ ನೇಯುವವರ ಮನೆಯಲ್ಲಿ ನೂಲಿಗೆ ಬಾರದ ತುಂಡು ಉಣ್ಣೆ ಬಿದ್ದಿದ್ದರೆ ಅದನ್ನೂ ಬೇಡವೆನ್ನಬೇಡಿ. ನೀರು ಹಿಡಿದಿಟ್ಟುಕೊಳ್ಳುತ್ತದೆ, ನಿಧಾನಕ್ಕೆ ಕೊಳೆತು ಗೊಬ್ಬರವೂ ಆಗುತ್ತದೆ.

ಕುರಿ ಗೊಬ್ಬರದ ವಿಷಯದಲ್ಲಿ ಮಾತ್ರ ಎಚ್ಚರ. ನಿಮ್ಮ ಸೀಮೆಯಲ್ಲಿ ಅದಕ್ಕೆ ಬರವಿಲ್ಲ, ನೆಂಟಸ್ತಿಕೆಯಲ್ಲಿ ಬಿಟ್ಟಿಯೂ ಸಿಗಬಹುದು. ಆದರೆ ಬೇಸಿಗೆಯಲ್ಲಿ ಕುರಿ ಮೇಕೆಗಳು ಬಳ್ಳಾರಿ ಜಾಲಿಯ ಕಾಯಿ ತಿಂದಿರುತ್ತವೆ. ಬೀಜ ಅರಗುವುದಿಲ್ಲ, ಹಿಕ್ಕೆಯಲ್ಲಿ ಹಾಗೇ ಹೊರಬೀಳುತ್ತದೆ, ಹೊಟ್ಟೆಯೊಳಗೆ ಹಾದುಬಂದದ್ದರಿಂದ ಇನ್ನೂ ಚುರುಕಾಗಿ ಮೊಳೆಯುತ್ತದೆ. ಹಸಿ ಗೊಬ್ಬರ ಹಾಕಿದ ಹಿತ್ತಲಲ್ಲಿ ಮಲ್ಲಿಗೆಗಿಂತ ಮುಂಚೆ ಮುಳ್ಳು ಬಂದದ್ದನ್ನು ಕಂಡಿದ್ದೇನೆ. ಗುಂಡಿಗೆ ಹಾಕಿ, ನೀರು ಚಿಮುಕಿಸಿ, ಮಗುಚುತ್ತಾ ಮೂರ್ನಾಲ್ಕು ತಿಂಗಳು ಕಳಿಯಲು ಬಿಡಿ.

ಇನ್ನು ಗಿಡ. ಟೆಂಪೋದಲ್ಲಿ ಹೊತ್ತು ತಂದು, ಬಣ್ಣದ ಪಟ ತೋರಿಸಿ ಮಾರುವವರ ಹತ್ತಿರ ಮಾವು ಕೊಳ್ಳಬೇಡಿ. ಹಣ್ಣು ಬಿಡುವ ತನಕ ಮೋಸ ಗೊತ್ತಾಗುವುದಿಲ್ಲ, ಅಷ್ಟರಲ್ಲಿ ಐದಾರು ವರ್ಷವೇ ಹೋಗಿರುತ್ತದೆ. ಪ್ಲಾಸ್ಟಿಕ್ ಪಟ್ಟಿ ಸುತ್ತಿದ್ದೆಲ್ಲ ಕಸಿಯಲ್ಲ. ಪಟ್ಟಿ ಸರಿಸಿ, ಎರಡು ಕಾಂಡ ಕೂಡಿದ ಗಂಟು ಕಾಣಬೇಕು. ಆಂಧ್ರದ ಕಡಿಯಂ ನರ್ಸರಿಗಳ ಗಿಡಗಳೂ ಈ ಕಡೆ ಬರುತ್ತವೆ, ಸೊಂಪಾಗಿಯೇ ಇರುತ್ತವೆ. ಗೋದಾವರಿಯ ಬಯಲಲ್ಲಿ ಬೆಳೆದ ಆ ಸೊಂಪು ವರ್ಷಕ್ಕೆ 500 ಮಿ.ಮೀ. ಮಳೆ ಬಂದರೆ ಪುಣ್ಯ ಎನ್ನುವ ನಿಮ್ಮ ನೆಲದಲ್ಲಿ ನಿಲ್ಲುವುದು ಕಷ್ಟ. ಅರಣ್ಯ ಇಲಾಖೆ, ತೋಟಗಾರಿಕೆ ಇಲಾಖೆಯ ನರ್ಸರಿಗಳಲ್ಲಿ ಗಿಡ ಸೊರಗಿದಂತೆ ಕಂಡರೂ ಬಿಸಿಲಿಗೆ ಪಳಗಿರುತ್ತದೆ, ಬೆಲೆಯೂ ಕಡಿಮೆ. ತಳಿಯ ಬಗ್ಗೆ ಅನುಮಾನವಿದ್ದರೆ ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ನುಗ್ಗೆಗೆ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ‘ಭಾಗ್ಯ’ ತಳಿಯ ಬೀಜ ಸಾಕು, ಗಿಡಕ್ಕೆ ದುಡ್ಡು ಸುರಿಯಬೇಕಿಲ್ಲ. ದಾಸವಾಳ, ಮಲ್ಲಿಗೆ, ಕಣಗಿಲೆಗೆ ನೆರೆಮನೆಯ ಕಾಂಪೌಂಡೇ ನರ್ಸರಿ.

ತರುವ ಕಾಲಕ್ಕೂ ನೆಡುವ ಕಾಲಕ್ಕೂ ನಡುವೆ ಅಂತರವಿರಲಿ. ಸರ್ಕಾರಿ ನರ್ಸರಿಯಲ್ಲಿ ಜೂನ್ ಹೊತ್ತಿಗೆ ಒಳ್ಳೆಯ ಗಿಡ ಸಿಗುತ್ತದೆ, ಆಗಲೇ ತನ್ನಿ. ನೆಡಬೇಡಿ. ಆಷಾಢದ ಗಾಳಿ ಎಳೆ ಗಿಡವನ್ನು ಹುರಿದುಬಿಡುತ್ತದೆ. ನಿಮ್ಮ ಕಡೆ ಮಳೆ ನಿಜವಾಗಿ ಹಿಡಿಯುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗೆ ನೆರಳಲ್ಲಿಟ್ಟು ಸಾಕಿ.

ನೀವು ಕೇಳದಿದ್ದರೂ ಒಂದು ಮಾತು: ಮನೆತನದ ಹೊಲವೇನಾದರೂ ಇದ್ದರೆ ಬದುವಿಗೆ ಹೊಂಗೆ, ಬೇವು ಹಾಕಿ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಅರಣ್ಯ ಇಲಾಖೆ ಬದುಕುಳಿದ ಪ್ರತಿ ಗಿಡಕ್ಕೆ ಮೊದಲ ವರ್ಷ 35, ಎರಡನೆಯ ವರ್ಷ 40, ಮೂರನೆಯ ವರ್ಷ 50, ಒಟ್ಟು 125 ರೂಪಾಯಿ ರೈತರಿಗೇ ಕೊಡುತ್ತದೆ. ಕೊಂಡವನಿಗೇ ದುಡ್ಡು ಕೊಡುವ ಆಫರ್ ನಿಮ್ಮ ಮೊಬೈಲಿನಲ್ಲಿ ಬಂದಿರಲಾರದು. ಹೆಸರನ್ನು ವಲಯ ಅರಣ್ಯ ಕಚೇರಿಯಲ್ಲಿ ಮೊದಲೇ ನೋಂದಾಯಿಸಬೇಕು.

ಗ್ರೋ ಬ್ಯಾಗಿನ ಬದಲು ಹೋಟೆಲಿನವರ ಹತ್ತಿರ ಹದಿನೈದು ಕಿಲೋದ ಖಾಲಿ ಎಣ್ಣೆ ಡಬ್ಬ ಕೇಳಿ. ತಳಕ್ಕೆ ನಾಲ್ಕು ತೂತು ಹೊಡೆದು, ಬೇಸಿಗೆಯಲ್ಲಿ ತಗಡು ಕಾದು ಬೇರು ಸುಡದಂತೆ ಒದ್ದೆ ಗೋಣಿ ಸುತ್ತಿದರೆ ಟೊಮೆಟೊ, ಬದನೆ, ಕೊತ್ತಂಬರಿ ಆರಾಮವಾಗಿ ಬರುತ್ತವೆ. ಎರಡು ಮೂರು ವರ್ಷಕ್ಕೆ ತುಕ್ಕು ಹಿಡಿದು ಉದುರುತ್ತದೆ, ಉದುರಲಿ. ಗ್ರೋ ಬ್ಯಾಗ್ ಇನ್ನೂ ಮನೆಗೆ ಬಂದಿಲ್ಲವಾದರೆ ಇವತ್ತೇ ಆರ್ಡರ್ ರದ್ದು ಮಾಡಿ.