ಎಲೆಮನೆ ಕಲಿಸುವ ಪಾಠ



ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನನದ ಹಬ್ಬ. ಅಂದು ನಮ್ಮ ಮಕ್ಕಳು ಬಾಲಮರಿಯಮ್ಮನಿಗೆ ಹೂ ಅರ್ಪಿಸುತ್ತಾರೆ. ಆಶೀರ್ವದಿಸಿದ ತೆನೆ ಮನೆಗೆ ಬರುತ್ತದೆ, ಎಲ್ಲರೂ ಕೂಡಿ ಹೊಸ ಅಕ್ಕಿ ಉಣ್ಣುತ್ತೇವೆ. ಹೆಚ್ಚುಕಡಿಮೆ ಇದೇ ಕಾಲಕ್ಕೆ, ಸೆಪ್ಟೆಂಬರ್ ಇಲ್ಲವೇ ಅಕ್ಟೋಬರ್‌ನಲ್ಲಿ, ಯೆಹೂದ್ಯರಿಗೂ ಒಂದು ಸುಗ್ಗಿಹಬ್ಬವಿದೆ. ಅದೇ ಸುಕ್ಕೋತ್, ಪರ್ಣಕುಟೀರಗಳ ಹಬ್ಬ. ಯೇಸುಸ್ವಾಮಿ ಈ ಹಬ್ಬಕ್ಕೆ ಜೆರುಸಲೇಮಿಗೆ ಹೋದುದನ್ನು ಯೊವಾನ್ನರ ಶುಭಸಂದೇಶದ 7ನೇ ಅಧ್ಯಾಯ ತಿಳಿಸುತ್ತದೆ.

ಕಣಜ ತುಂಬಿದ ಹೊತ್ತಿನಲ್ಲೇ ಈ ಜನ ಗಟ್ಟಿಮನೆ ಬಿಟ್ಟು 7 ದಿನ ಎಲೆಗಳ ಚಾವಣಿಯ ಕೆಳಗೆ ಇರಬೇಕು. ಏಕೆ? ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ಪೂರ್ವಜರು ಗುಡಿಸಲುಗಳಲ್ಲಿದ್ದುದನ್ನು ಮುಂದಿನ ಪೀಳಿಗೆ ಮರೆಯಬಾರದೆಂದು ಯಾಜಕಕಾಂಡದ 23ನೇ ಅಧ್ಯಾಯ ಹೇಳುತ್ತದೆ. ಅಂದರೆ ಇದು ಮಕ್ಕಳಿಗಾಗಿಯೇ ಇರುವ ಹಬ್ಬ!

ಧರ್ಮೋಪದೇಶದ ತರಗತಿಯಲ್ಲಿ ಇದನ್ನು ಹೇಳಿದಾಗ ಒಬ್ಬ ಹುಡುಗ ಎದ್ದು, "ಫಾದರ್, ನಮ್ಮ ಮನೆಯವರು ಯಾರೂ ಗುಡಿಸಲಲ್ಲಿ ಇರಲಿಲ್ಲ" ಎಂದ. ಅವನ ಅಜ್ಜ ಕರಾವಳಿಯಿಂದ ಘಟ್ಟ ಹತ್ತಿ ಬಂದು, ಕಾಫಿತೋಟದ ಲೈನಿನಲ್ಲಿ ಬದುಕಿದವರು. ಮಗುವಿಗೆ ಯಾರೂ ಹೇಳಿರಲಿಲ್ಲ. ನಾಚಿಕೆಯಿಂದಲೋ? ಬಡತನದ ನೆನಪು ನಾಚಿಕೆಯಲ್ಲ, ದೇವರು ನಡೆಸಿಕೊಂಡು ಬಂದ ದಾರಿಯ ಗುರುತು. ಕುದುರೆಮುಖದ ಗಣಿ 2005ರ ಕೊನೆಗೆ ನಿಂತಾಗ ಎಷ್ಟೋ ಕುಟುಂಬಗಳು ಸಿಮೆಂಟಿನ ಕ್ವಾರ್ಟರ್ಸ್ ಬಿಟ್ಟು ಹೊರಟವು. ಗಟ್ಟಿಗೋಡೆಯೂ ಶಾಶ್ವತವಲ್ಲ.

ಮನೆಯಲ್ಲಿ ಹೀಗೆ ಮಾಡಿ. ಮಳೆ ಬಿಟ್ಟ ಒಂದು ಸಂಜೆ, ಅಂಗಳದಲ್ಲಿ ನಾಲ್ಕು ಕಂಬ ನೆಟ್ಟು ಸಿಲ್ವರ್ ಓಕ್ ರೆಂಬೆ, ಅಡಿಕೆ ಸೋಗೆ ಹೊದಿಸಿ. ಯೆಹೂದ್ಯರ ಪದ್ಧತಿಯಂತೆ ಎಲೆಗಳ ಸಂದಿನಿಂದ ನಕ್ಷತ್ರ ಕಾಣಲಿ. ಹಣ್ಣುಕಾಯಿಗಳನ್ನು ಮಕ್ಕಳೇ ಕಟ್ಟಲಿ. ಒಳಗೆ ಕುಳಿತು ಊಟ ಮಾಡಿ. ಯೆಹೂದ್ಯ ಮಕ್ಕಳು ಇಂದಿಗೂ ಹೀಗೆ ಕೂರುತ್ತಾರೆಂದು ಗೌರವದಿಂದ ತಿಳಿಸಿ. ಆಮೇಲೆ ಅಜ್ಜಅಜ್ಜಿ ತಮ್ಮ ಕಥೆ ಹೇಳಲಿ. ಹಸಿವು, ಜ್ವರ, ಸೋರುವ ಮಾಡು, ಯಾವುದನ್ನೂ ಮುಚ್ಚಿಡಬೇಡಿ.

ಇನ್ನೊಂದು ಮಾತು. ಈ ಹಬ್ಬದ ಸಂತೋಷದಲ್ಲಿ ಆಳುಗಳಿಗೂ ಪರದೇಶಿಗಳಿಗೂ ಅನಾಥರಿಗೂ ವಿಧವೆಯರಿಗೂ ಪಾಲಿರಬೇಕೆಂದು ಧರ್ಮೋಪದೇಶಕಾಂಡದ 16ನೇ ಅಧ್ಯಾಯ ವಿಧಿಸುತ್ತದೆ. ಕಾಫಿ ಕೊಯ್ಯಲು ದೂರದ ರಾಜ್ಯಗಳಿಂದ ಬಂದವರ ಮಕ್ಕಳು ಇಂದು ಅದೇ ಲೈನುಗಳಲ್ಲಿದ್ದಾರೆ. ಅವರಲ್ಲಿ ಒಬ್ಬರನ್ನಾದರೂ ನಿಮ್ಮ ಎಲೆಮನೆಗೆ ಕರೆಯಿರಿ. ನಿಮ್ಮ ಮಗುವಿನ ಪಕ್ಕದಲ್ಲೇ ಕೂರಿಸಿ ಬಡಿಸಿ. ಆಗ ಪಾಠ ಪೂರ್ಣವಾಗುತ್ತದೆ.

ಮಲಗುವ ಮುನ್ನ ಮಕ್ಕಳನ್ನು ಕೇಳಿ: ಇಂದಿನ ನಮ್ಮ ಊಟಕ್ಕಾಗಿ ಯಾರ ಯಾರ ಕೈ ದುಡಿದಿದೆ? ಅವರು ಹೇಳಿದ ಒಂದೊಂದು ಹೆಸರಿಗೂ ಒಂದು ನಮೋ ಮರಿಯ ಜಪಿಸಿರಿ.